ದೊಡ್ಡ ಮೀನು ಬೇಕಾದರೆ ಸಣ್ಣದನ್ನು ಹಿಡಿಯಿರಿ

ಬೆಂಗಳೂರಿನ ಕೆರೆ ದಂಡೆಯಲ್ಲಿ ಗಾಳ ಹಿಡಿದು ಕೂತವರನ್ನು ಮಾತಾಡಿಸಿ ನೋಡಿ. ಜಿಲೇಬಿ ಮೀನು ಬೇಕಾದಷ್ಟು ಸಿಗುತ್ತದೆ, ಆದರೆ ಎಲ್ಲಾ ಅಂಗೈ ಅಗಲವೇ ಅನ್ನುತ್ತಾರೆ. ಮೇವು ಸಾಲುತ್ತಿಲ್ಲ, ಇನ್ನಷ್ಟು ಹಾಕಬೇಕು ಅನ್ನೋದು ಅವರ ಲೆಕ್ಕ. ಅಸಲಿಗೆ ಅಲ್ಲಿ ಜಾಸ್ತಿಯಾಗಿರುವುದು ಬಾಯಿಗಳು.

ಇದನ್ನು ಚೆನ್ನಾಗಿ ತೋರಿಸಿಕೊಟ್ಟಿದ್ದು ಅಮೆರಿಕದ ಬ್ಲೂಗಿಲ್. ಸನ್‌ಫಿಶ್ ಕುಟುಂಬದ ಸಿಹಿನೀರಿನ ಮೀನು ಇದು, ಸಮುದ್ರದ ದೈತ್ಯ ಸನ್‌ಫಿಶ್ ಬೇರೆ. ಸಾಮಾನ್ಯವಾಗಿ 15–20 ಸೆಂ.ಮೀ. ಇರುತ್ತದೆ. ಆದರೆ 1950ರಲ್ಲಿ ಅಲಬಾಮಾದ ಕೆಟೋನಾ ಕೆರೆಯಲ್ಲಿ ಸಿಕ್ಕಿದ ಒಂದು ಬ್ಲೂಗಿಲ್ 2 ಕೆಜಿಗೂ ಜಾಸ್ತಿ ತೂಗಿತ್ತು! ಅದೇ ಜಾತಿ, ಇಷ್ಟು ವ್ಯತ್ಯಾಸ.

ಒಂದು ಹೆಣ್ಣು ಬ್ಲೂಗಿಲ್ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಮರಿಗಳೆಲ್ಲ ಉಳಿದರೆ ಇರುವ ಹುಳುಹುಪ್ಪಟೆ ಯಾರಿಗೂ ಸಾಲದು. ಸಿಕ್ಕಿದ್ದು ಜೀವ ಹಿಡಿಯಲಷ್ಟೇ ಆಗುತ್ತದೆ, ಬೆಳೆಯಲು ಏನೂ ಮಿಗುವುದಿಲ್ಲ. ಇಂಥ ಕೊಳದಲ್ಲಿ ಸಣ್ಣದಾಗಿ ಕಾಣುವ ಮೀನಿನ ಹುರುಪೆಯ ಮೇಲೆ ವರ್ಷವರ್ಷಕ್ಕೂ ಮೂಡುವ ಗೆರೆ ಎಣಿಸಿದರೆ ಅದು ಮರಿಯಲ್ಲ, ವಯಸ್ಸಾದ ಮೀನು ಅಂತ ಗೊತ್ತಾಗುತ್ತದೆ. ಹಾಗಾಗಿ ಬ್ಲೂಗಿಲ್ ದೊಡ್ಡದಾಗಲಿ ಅನ್ನುವವರು ಅದನ್ನು ತಿನ್ನುವ ಬಾಸ್ ಮೀನನ್ನೇ ಅದೇ ಕೊಳದಲ್ಲಿ ಸಾಕುತ್ತಾರೆ. ಬಾಸ್ ಕಿಕ್ಕಿರಿದು ತಾವೇ ಬಡಕಲಾಗಿರುವ ಕೊಳದಲ್ಲಿ ಬ್ಲೂಗಿಲ್ ದಪ್ಪಗಿರುತ್ತವೆ. ಜೊಂಡು ವಿಪರೀತ ಬೆಳೆದರೆ ಮಾತ್ರ ಮರಿಗಳು ಅದರೊಳಗೆ ಅಡಗಿ ತಪ್ಪಿಸಿಕೊಳ್ಳುತ್ತವೆ, ಮತ್ತೆ ಅದೇ ಗುಂಪು.

ನನಗೆ ತುಂಬಾ ಇಷ್ಟವಾಗುವುದು ಗಂಡುಗಳ ವಿಷಯ. ಗಂಡು ಬ್ಲೂಗಿಲ್ ಆಳವಿಲ್ಲದ ನೀರಿನ ತಳದಲ್ಲಿ ಬಾಲದಿಂದ ಗುಳಿ ತೋಡುತ್ತದೆ, ಮೊಟ್ಟೆ ಬಿದ್ದ ಮೇಲೆ ಪಕ್ಕದಲ್ಲೇ ಕಾವಲು ನಿಲ್ಲುತ್ತದೆ. ಒಳ್ಳೆ ಜಾಗಗಳು ದೊಡ್ಡ ಗಂಡುಗಳ ಪಾಲು. ಅವು ಇರುವತನಕ ಚಿಕ್ಕ ಗಂಡುಗಳಿಗೆ ಅವಕಾಶ ಕಮ್ಮಿ, ಹಾಗಾಗಿ ಅವು ಗೂಡಿನ ಆಸೆ ಬಿಟ್ಟು ತಿಂದಿದ್ದನ್ನೆಲ್ಲ ಮೈಗೆ ಹಾಕಿಕೊಂಡು ಬೆಳೆಯುತ್ತಾ ಇರುತ್ತವೆ. ಗೂಡಿನ ಮೇಲೆ ನಿಂತ ದೊಡ್ಡ ಗಂಡು ಗಾಳಕ್ಕೂ ಸುಲಭವಾಗಿ ಸಿಗುತ್ತದೆ. ಹೀಗೆ ದೊಡ್ಡದನ್ನೆಲ್ಲ ಹಿಡಿದುಬಿಟ್ಟರೆ ಚಿಕ್ಕವು ಬೇಗನೆ ಪ್ರಾಯಕ್ಕೆ ಬಂದು ಗೂಡು ಕಟ್ಟಲು ಶುರು ಮಾಡುತ್ತವೆ, ಬೆಳವಣಿಗೆ ಅಲ್ಲಿಗೇ ನಿಧಾನವಾಗುತ್ತದೆ. ಅಂದರೆ ದೊಡ್ಡ ಗಂಡು ಇರುವುದೇ ಮುಂದಿನ ದೊಡ್ಡ ಗಂಡುಗಳಿಗೆ ಆಸರೆ, ಅಲ್ವಾ? ಮಿನ್ನೆಸೋಟ ರಾಜ್ಯದಲ್ಲಿ ದಿನಕ್ಕೆ 20 ಸನ್‌ಫಿಶ್ ಹಿಡಿಯಬಹುದಾದರೂ, ದೊಡ್ಡ ಮೀನು ಉಳಿಯಲಿ ಅಂತ ಕೆಲವು ಕೆರೆಗಳಲ್ಲಿ ಆ ಮಿತಿಯನ್ನು 10ಕ್ಕೆ, 5ಕ್ಕೆ ಇಳಿಸಿದ್ದಾರೆ.

ನಮ್ಮ ಜಿಲೇಬಿ ಅಂದರೆ ತಿಲಾಪಿಯ, ಆಫ್ರಿಕಾ ಮೂಲದ್ದು. 1952ರಲ್ಲಿ ಭಾರತಕ್ಕೆ ಬಂತು. ಇದರ ಹೆಣ್ಣು ಮೊಟ್ಟೆಯನ್ನು ಬಾಯಲ್ಲೇ ಇಟ್ಟುಕೊಂಡು ಕಾಪಾಡುತ್ತದೆ. ಹುಟ್ಟಿದ ಕೆಲವೇ ತಿಂಗಳಿಗೆ ತಾನೂ ಮರಿ ಮಾಡುತ್ತದೆ, ವರ್ಷದಲ್ಲಿ ಮತ್ತೆ ಮತ್ತೆ. ಕೆರೆ ತುಂಬಿಹೋಗಲು ಇನ್ನೇನು ಬೇಕು? ಅದಕ್ಕೇ ಸಾಕಣೆ ಮಾಡುವವರು ಬರೀ ಗಂಡು ಮರಿಗಳನ್ನು ಬಿಡುತ್ತಾರೆ. ಇಲ್ಲಿ ಬಾಸ್ ಮೀನಿನಂತೆ ಮರಿಗಳನ್ನು ತಿನ್ನುವ ಕೆಲಸ ಮಾಡಬಲ್ಲದ್ದು ನಮ್ಮದೇ ಕೊರಮೀನು. ಕೊಳಚೆ ಸೇರುವ ಕೆರೆಯಲ್ಲಿ ಬೆಳಗಿನ ಜಾವ ಆಮ್ಲಜನಕ ತೀರಾ ಕಮ್ಮಿಯಾದಾಗಲೂ ಅದು ಮೇಲೆ ಬಂದು ಗಾಳಿ ಕುಡಿದು ಬದುಕುತ್ತದೆ. ಸುಮ್ನೆ ಹೊರಗಿನ ಹೊಸ ಮೀನು ತಂದು ಬಿಡುವುದು ಮಾತ್ರ ಬೇಡ. 1960ರಲ್ಲಿ ಜಪಾನಿಗೆ ಉಡುಗೊರೆಯಾಗಿ ಹೋದ ಬ್ಲೂಗಿಲ್ ಅಲ್ಲಿನ ಸ್ಥಳೀಯ ಮೀನುಗಳಿಗೆ ಮುಳುವಾಯಿತು.

ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆ ಕೃಷಿ ಹೊಂಡದಲ್ಲಿ ಜಿಲೇಬಿ ಇಟ್ಟುಕೊಂಡವರು ಮೇವಿನ ಚೀಲ ತರುವ ಮೊದಲು ಬಲೆ ಬೀಸಿ ನೋಡಲಿ. ತಿನ್ನದೆ ಉಳಿದ ಮೇವು ಕೊಳೆತು ಇರುವ ಆಮ್ಲಜನಕವನ್ನೂ ಕಳೆಯುತ್ತದೆ. ಬಲೆಗೆ ಬಿದ್ದ ಸಣ್ಣದನ್ನೆಲ್ಲ ಸಾರಿಗೆ ಹಾಕಿ, ದಪ್ಪ ಮೀನನ್ನು ವಾಪಸ್ ನೀರಿಗೆ ಬಿಡಿ.