ಡಬ್ಬಿ ಬೇಡ, ಪೈಪೇ ಇರಲಿ ಡಾಕ್ಟ್ರೇ

"ಪೈಪ್ ಬೇಕಾದ್ರೆ ಇನ್ನೊಂದ್ಸಲ ಹಾಕಿ ಡಾಕ್ಟ್ರೇ, ಆ ಡಬ್ಬಿ ಮಾತ್ರ ಕೊಡಬೇಡಿ."

ಹೀಗಂದವರು ಹಾಸನದ ಕಡೆಯ ಒಬ್ಬ ಟೀಚರ್ (ಗುರುತು ಸಿಗದ ಹಾಗೆ ವಿವರ ಸ್ವಲ್ಪ ಬದಲಿಸಿದ್ದೇನೆ). ಪೈಪ್ ಅಂದರೆ ಕೊಲೊನೋಸ್ಕೋಪಿ, ಗುದದ್ವಾರದಿಂದ ಕ್ಯಾಮೆರಾ ಇರುವ ಪೈಪ್ ಹಾಕಿ ದೊಡ್ಡ ಕರುಳು ನೋಡುವುದು. ಡಬ್ಬಿ ಅಂದರೆ ಪರೀಕ್ಷೆಗೆ ಮಲ ಹಾಕಿ ತರುವ ಡಬ್ಬಿ. ಅವರಿಗೆ ಅಲ್ಸರೇಟಿವ್ ಕೊಲೈಟಿಸ್ ಶುರುವಾಗಿ ಆಗ ಆರು ವರ್ಷ. ದೊಡ್ಡ ಕರುಳಿನ ಒಳಪದರದಲ್ಲಿ ಉರಿಯೂತ, ಹುಣ್ಣು, ರಕ್ತ ಬೆರೆತ ಭೇದಿ. ಎಷ್ಟೋ ಜನ ಮೊದಲು ಇದನ್ನು ಮೂಲವ್ಯಾಧಿ ಅಂದುಕೊಂಡು ಊರಲ್ಲೇ ಔಷಧಿ ತಗೊಂಡು ವರ್ಷ ಕಳೆದಿರುತ್ತಾರೆ. ಮಾತ್ರೆಯಿಂದ ಹತೋಟಿಗೆ ಬರುತ್ತದೆ, ಆದರೆ ಯಾವಾಗ ಬೇಕಾದರೂ ಮತ್ತೆ ಕೆರಳಬಹುದು. ಅದಕ್ಕೇ ಆಗಾಗ ಒಳಗಿನ ಪರಿಸ್ಥಿತಿ ನೋಡುತ್ತಿರಬೇಕು.

ನೋಡುವ ದಾರಿಗಳು ಮೂರ್ನಾಲ್ಕು. ಅದರಲ್ಲಿ ನಾವು ವೈದ್ಯರು ಬಹಳ ಸುಲಭ ಅಂದುಕೊಂಡಿರುವುದು ಆ ಡಬ್ಬಿಯನ್ನೇ. ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಅನ್ನುವ ಪ್ರೋಟೀನ್ ಎಷ್ಟಿದೆ ಅಂತ ನೋಡುತ್ತೇವೆ. ಉರಿಯೂತ ಇದ್ದ ಕಡೆ ಬಿಳಿ ರಕ್ತಕಣಗಳು ಬಂದು ಸೇರುತ್ತವೆ, ಅವುಗಳಿಂದ ಈ ಪ್ರೋಟೀನ್ ಹೊರಬರುತ್ತದೆ. ಸೂಜಿ ಇಲ್ಲ, ಪೈಪ್ ಇಲ್ಲ, ನೋವಿಲ್ಲ. ಆದರೂ ಈ ಟೀಚರ್‌ಗೆ ಮೂರು ಸಲ ಡಬ್ಬಿ ಕೊಟ್ಟೆ, ಮೂರು ಸಲವೂ ಖಾಲಿ ಕೈಯಲ್ಲಿ ಬಂದರು. ಫೈಲಿನಲ್ಲಿ "ಸಹಕಾರ ಕಡಿಮೆ" ಅಂತ ಬರೆದಿದ್ದೆ. ಈಗ ಅದನ್ನು ನೋಡಿದರೆ ನನಗೇ ನಾಚಿಕೆ.

ನಾಲ್ಕನೇ ಸಲ ಪೆನ್ ಕೆಳಗಿಟ್ಟು, ಏನು ಕಷ್ಟ ಅಂತ ಕೇಳಿದೆ. ಮನೆಯಲ್ಲಿ ಏಳು ಜನ, ಹಿತ್ತಲಲ್ಲಿ ಒಂದೇ ಬಾತ್‌ರೂಮು, ಬೆಳಿಗ್ಗೆ ಆರಕ್ಕೇ ಬಾಗಿಲು ಬಡಿಯುವವರು ಇಬ್ಬರು. ಅತ್ತೆ ಮಡಿಯವರು. ಮೇಲಾಗಿ ನಮ್ಮ ಆಸ್ಪತ್ರೆಯವರೇ ಯಾರೋ "ಫ್ರಿಜ್‌ನಲ್ಲಿಟ್ಟು ತನ್ನಿ" ಅಂದುಬಿಟ್ಟಿದ್ದರಂತೆ. ಹಾಲು, ಮೊಸರು, ದೋಸೆ ಹಿಟ್ಟು ಇಡುವ ಫ್ರಿಜ್‌ನಲ್ಲಿ! "ನೀವೇ ಇಡ್ತೀರಾ ಡಾಕ್ಟ್ರೇ?" ಅಂದರು. ಇಡುವುದಿಲ್ಲ, ಅಲ್ವಾ.

ಈ ಪರೀಕ್ಷೆಗೆ ಫ್ರಿಜ್ ಬೇಕಾಗೇ ಇಲ್ಲ. ಅದೇ ದಿನ ತಂದುಕೊಟ್ಟರೆ ಸಾಕು, ಹೊರಗಿದ್ದರೂ ಏನಾಗಲ್ಲ. ಬೇಕಾಗುವುದೂ ಒಂದು ಕಡಲೆಬೀಜದಷ್ಟು ಮಾತ್ರ. ಡಬ್ಬಿಯ ಮುಚ್ಚಳದಲ್ಲೇ ಪುಟ್ಟ ಚಮಚ ಇರುತ್ತದೆ. ಇಂಡಿಯನ್ ಟಾಯ್ಲೆಟ್ ಆದರೆ ಕೂರುವ ಮುಂಚೆ ಹಳೇ ಪೇಪರ್ ಎರಡು ಮಡಿಕೆ ಮಾಡಿ ಹಾಸಿಕೊಂಡು, ಅದರ ಮೇಲಿಂದ ತೆಗೆದರೆ ನೀರು, ಮೂತ್ರ ಬೆರೆಯುವುದಿಲ್ಲ. ಇಷ್ಟನ್ನು ಯಾರಾದರೂ ಬಾಯಿಬಿಟ್ಟು ಹೇಳಬೇಕಿತ್ತು. ನಾವು ಯಾರೂ ಹೇಳಿರಲಿಲ್ಲ. ಕೊನೆಗೆ, ಅವರು ಚೆಕಪ್‌ಗೆ ಬಂದ ದಿನ ನಮ್ಮ ಟಾಯ್ಲೆಟ್‌ನಲ್ಲೇ ತೆಗೆದು ಪಕ್ಕದ ಲ್ಯಾಬಿಗೆ ಕೊಡುವುದು ಅಂತ ಆಯಿತು. ಬೆಳಗಿನ ಮೊದಲ ಮೋಷನ್ ಆದರೆ ಒಳ್ಳೆಯದು, ನಿಜ. ಆದರೆ ಯಾವತ್ತೂ ಬಾರದ ಮೊದಲ ಮೋಷನ್‌ಗಿಂತ ಹನ್ನೊಂದು ಗಂಟೆಗೆ ಬಂದ ಎರಡನೆಯದೇ ವಾಸಿ.

ಇನ್ನು ಕೊಲೊನೋಸ್ಕೋಪಿ. ಇದಕ್ಕೆ ಹೆದರುವವರು ಪೈಪಿಗೆ ಹೆದರುತ್ತಾರೆ ಅಂತ ನಾನು ಬಹಳ ವರ್ಷ ನಂಬಿದ್ದೆ. ಮಾತಾಡಿಸಿದರೆ ಹೆಚ್ಚಿನವರು ದೂರುವುದು ಹಿಂದಿನ ರಾತ್ರಿಯನ್ನು. ಎರಡು ಲೀಟರ್ ಉಪ್ಪುಪ್ಪು ನಿಂಬೆ ರುಚಿಯ ನೀರು, ಆಮೇಲೆ ಬಚ್ಚಲಿಗೂ ಮಂಚಕ್ಕೂ ಓಡಾಟ. ಈಗ ಅದನ್ನು ಎರಡು ಭಾಗ ಮಾಡಿ, ಅರ್ಧ ಸಂಜೆ, ಉಳಿದರ್ಧ ಪರೀಕ್ಷೆಗೆ ನಾಲ್ಕೈದು ಗಂಟೆ ಮುಂಚೆ ಕುಡಿಸುತ್ತೇವೆ. ಕರುಳು ಚೆನ್ನಾಗಿ ಸ್ವಚ್ಛ ಆಗುತ್ತದೆ. ಆದರೆ ಚಳ್ಳಕೆರೆಯಿಂದ ಬರುವ ಒಬ್ಬರಿಗೆ ಹತ್ತು ಗಂಟೆಗೆ ಸ್ಲಾಟ್ ಕೊಟ್ಟಿದ್ದೆ. ಅಂದರೆ ಎರಡನೇ ಲೀಟರ್ ಕುಡಿದು ಅವರು ಬಸ್ಸಿನಲ್ಲಿರಬೇಕು! ಪಾಪ, ಅವರು ಕುಡಿಯದೇ ಬಂದರು. ಒಳಗೆ ಏನೂ ಸರಿಯಾಗಿ ಕಾಣಲಿಲ್ಲ, ಇನ್ನೊಂದು ದಿನ ಮತ್ತೆ ಮಾಡಬೇಕಾಯಿತು. ತಪ್ಪು ಅವರದ್ದಲ್ಲ. ದೂರದವರಿಗೆ ಈಗ ಮಧ್ಯಾಹ್ನದ ಮೇಲೆ ಸ್ಲಾಟ್, ಇಲ್ಲವೇ ಹಿಂದಿನ ದಿನವೇ ಬಂದು ಹತ್ತಿರ ಉಳಿದುಕೊಳ್ಳಿ ಅಂತ ಹೇಳುತ್ತೇವೆ.

ಕರುಳಿನ ಅಲ್ಟ್ರಾಸೌಂಡ್ ಅಂತ ಒಂದಿದೆ, ನನಗೆ ಇಷ್ಟವಾದದ್ದು. ಹೊಟ್ಟೆ ಮೇಲೆ ತಣ್ಣನೆ ಜೆಲ್ ಹಚ್ಚಿ ಕರುಳಿನ ಗೋಡೆ ಎಷ್ಟು ದಪ್ಪ ಇದೆ ಅಂತ ಅಳೆಯುವುದು. ಸಾಮಾನ್ಯವಾಗಿ 3 ಮಿಲಿಮೀಟರ್ ಒಳಗಿರುತ್ತದೆ, ಊದಿಕೊಂಡರೆ ಅದಕ್ಕಿಂತ ಜಾಸ್ತಿ. ಹೊಟ್ಟೆ ಖಾಲಿ ಮಾಡಿಸುವ ರಗಳೆ ಇಲ್ಲ, ರೋಗಿ ಪರದೆ ನೋಡುತ್ತಲೇ ಪ್ರಶ್ನೆ ಕೇಳಬಹುದು. ಆದರೆ ಗುದದ್ವಾರದ ಹತ್ತಿರದ ಭಾಗ ಇದರಲ್ಲಿ ಸರಿಯಾಗಿ ಕಾಣುವುದಿಲ್ಲ. ಮಾಡುವವರಿಗೂ ಇದಕ್ಕೇ ಅಂತ ತರಬೇತಿ ಆಗಿರಬೇಕು, ಹಾಗಾಗಿ ಎಲ್ಲ ಊರಲ್ಲೂ ಸಿಗಲ್ಲ. ಫ್ರಾನ್ಸ್‌ನಲ್ಲಿ ದೇಶದ ಉದ್ದಗಲಕ್ಕೂ ಇಂಥ ರೋಗಿಗಳನ್ನು ಕೇಳಿ ಮಾಡಿದ ಒಂದು ಸಮೀಕ್ಷೆ 2017ರಲ್ಲಿ ಪ್ರಕಟವಾಯಿತು. ಅಲ್ಲೂ ಸ್ಕ್ಯಾನ್, ರಕ್ತ ಪರೀಕ್ಷೆ ಜನರಿಗೆ ಹೆಚ್ಚು ಒಪ್ಪಿಗೆ, ಪೈಪಿನ ಪರೀಕ್ಷೆಗಳು ಕೆಳಗೆ. ಟೀಚರ್ ಅದರಲ್ಲಿ ಇದ್ದಿದ್ದರೆ ಉಲ್ಟಾ ಹೇಳಿರುತ್ತಿದ್ದರು. ಸರಾಸರಿ ನೋಡಿಕೊಂಡು ಎದುರಿಗೆ ಕೂತವರನ್ನು ಕೇಳದೇ ಇರುವುದು ಸರಿಯಲ್ಲ ಅನ್ನುವುದು ಅದಕ್ಕೇ.

ಕೇಳಿದರೆ ಎಲ್ಲರೂ ಪರೀಕ್ಷೆ ಕಡಿಮೆ ಮಾಡಿ ಅಂತಲೇ ಹೇಳುತ್ತಾರೆ ಅಂದುಕೊಳ್ಳಬೇಡಿ. ಸಾಫ್ಟ್‌ವೇರ್‌ನಲ್ಲಿರುವ ಒಬ್ಬ ಹುಡುಗ, ಕ್ರೋನ್ಸ್ ಕಾಯಿಲೆ (ಇದೂ ಕರುಳಿನ ಉರಿಯೂತದ್ದೇ ಇನ್ನೊಂದು ಕಾಯಿಲೆ), ತಿಂಗಳು ತಿಂಗಳೂ ಕ್ಯಾಲ್‌ಪ್ರೊಟೆಕ್ಟಿನ್ ಮಾಡಿಸಿ ಎಕ್ಸೆಲ್‌ನಲ್ಲಿ ಗ್ರಾಫ್ ಹಾಕಿಕೊಂಡು ಬರುತ್ತಿದ್ದ. 90 ಇದ್ದದ್ದು 140 ಆದ ದಿನ ರಾತ್ರಿ ಹನ್ನೊಂದಕ್ಕೆ ಮೆಸೇಜು. ಒಂದೇ ದಿನದ ಎರಡು ಮೋಷನ್‌ನಲ್ಲೂ ಈ ಸಂಖ್ಯೆ ಬೇರೆ ಬೇರೆ ಬರಬಹುದು ಕಣಪ್ಪಾ, ತೊಂದರೆ ಏನೂ ಇಲ್ಲದವರಲ್ಲಿ 150ರ ಒಳಗಿದ್ದರೆ ಸಾಮಾನ್ಯವಾಗಿ ನೆಮ್ಮದಿಯಾಗಿರಬಹುದು ಅಂದೆ. 250 ದಾಟಿದ್ದರೆ ಬೇರೆ ಮಾತು. ಮುಂದಿನ ತಿಂಗಳು ದಾಟಿಯೇ ಬಿಟ್ಟಿತು! ವಿಚಾರಿಸಿದರೆ ಹಲ್ಲುನೋವಿಗೆ ಒಂದು ವಾರ ಐಬುಪ್ರೊಫೆನ್ ನುಂಗಿದ್ದ. ಆ ಥರದ ನೋವಿನ ಮಾತ್ರೆಯಿಂದಲೂ ಇದು ಏರುತ್ತದೆ. ಅದನ್ನು ನಿಲ್ಲಿಸಿ ಕೆಲವು ವಾರ ಬಿಟ್ಟು ಮಾಡಿಸಿದರೆ ಇಳಿದಿತ್ತು. ಈಗ ಮೂರು ತಿಂಗಳಿಗೊಮ್ಮೆ ಅಂತ ಇಬ್ಬರೂ ಒಪ್ಪಿದ್ದೇವೆ. ಆರು ತಿಂಗಳು ಅಂದಿದ್ದೆ, ಅವನಿಗೆ ನಿದ್ದೆ ಬರಲ್ಲವಂತೆ. ಸರಿ, ಇರಲಿ.

ಹಾಗಂತ ಎಲ್ಲವೂ ರೋಗಿಯ ಇಷ್ಟ ಅಂತ ಬಿಡಲೂ ಆಗಲ್ಲ. "ಮೋಷನ್ ನಾರ್ಮಲ್ ಇದೆ, ಪರೀಕ್ಷೆ ಯಾಕೆ?" ಅನ್ನುವವರಿಗೆ ಹೇಳುವುದಿಷ್ಟೇ: ಹೊರಗೆ ಶಾಂತವಾಗಿದ್ದರೂ ಒಳಗೆ ಹುಣ್ಣು ಇರಬಹುದು. ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ಉರಿಯೂತ ಇದೆಯಾ ಅಂತ ನೋಡುವ ಸಿಆರ್‌ಪಿ ರಕ್ತ ಪರೀಕ್ಷೆ ಎಷ್ಟೋ ಸಲ ನಾರ್ಮಲ್ ಬಂದು ಮೋಸ ಮಾಡುತ್ತದೆ. 2021ರ ಸ್ಟ್ರೈಡ್-2 ಅನ್ನುವ ಅಂತಾರಾಷ್ಟ್ರೀಯ ಮಾರ್ಗಸೂಚಿಯಲ್ಲಿ ತೊಂದರೆ ಕಡಿಮೆ ಆಗುವುದರ ಜೊತೆಗೆ ಒಳಪದರ ವಾಸಿಯಾಗುವುದನ್ನೂ ಗುರಿ ಅಂತಲೇ ಬರೆದಿದ್ದಾರೆ. ರೋಗಿಯ ಬದುಕು ಸಲೀಸಾಗಿ ನಡೆಯಬೇಕು ಅನ್ನುವುದೂ ಅದೇ ಪಟ್ಟಿಯಲ್ಲಿದೆ. ಅದನ್ನು ನಾವು ವೈದ್ಯರು ಸುಲಭವಾಗಿ ಮರೆಯುತ್ತೇವೆ.

ಒಂದು ವಿಷಯದಲ್ಲಿ ಮಾತ್ರ ನಾನು ಹಟ ಬಿಡುವುದಿಲ್ಲ. ಕಾಯಿಲೆ ದೊಡ್ಡ ಕರುಳಿನಲ್ಲಿ ಹರಡಿಕೊಂಡಿದ್ದರೆ, ಶುರುವಾಗಿ 8 ವರ್ಷಕ್ಕೆ ಕ್ಯಾನ್ಸರ್ ಲಕ್ಷಣ ಏನಾದರೂ ಇದೆಯಾ ಅಂತ ಕೊಲೊನೋಸ್ಕೋಪಿ ಮಾಡಲೇಬೇಕು. ಆಮೇಲೆ ಅಪಾಯ ನೋಡಿಕೊಂಡು ಒಂದರಿಂದ ಐದು ವರ್ಷಕ್ಕೊಮ್ಮೆ. ಜೊತೆಗೆ ಪಿತ್ತನಾಳಗಳು ಉರಿಯೂತದಿಂದ ಕಿರಿದಾಗುವ ಪಿಎಸ್‌ಸಿ ಕಾಯಿಲೆ ಇದ್ದರೆ 8 ವರ್ಷ ಕಾಯುವ ಹಾಗಿಲ್ಲ, ಗೊತ್ತಾದ ವರ್ಷದಿಂದಲೇ ಪ್ರತಿ ವರ್ಷ. ಈ ಕೆಲಸವನ್ನು ಡಬ್ಬಿಯೂ ಮಾಡಲ್ಲ, ಸ್ಕ್ಯಾನೂ ಮಾಡಲ್ಲ. ದಿನ ಯಾವುದು, ಹೊತ್ತು ಯಾವುದು, ಜೊತೆಗೆ ಯಾರು ಬರಬೇಕು ಅನ್ನುವುದನ್ನು ಅವರೇ ಹೇಳಲಿ.

ಟೀಚರ್‌ಗೆ ಈ ವರ್ಷ ಎಂಟು ತುಂಬುತ್ತದೆ. ಮೊನ್ನೆ ಬಂದಾಗ ನೆನಪಿಸಿದೆ. ಪೈಪ್ ಬಗ್ಗೆ ಒಂದು ಮಾತೂ ಆಡಲಿಲ್ಲ. ಫೋನಿನಲ್ಲಿ ಕ್ಯಾಲೆಂಡರ್ ತೆಗೆದು ನೋಡಿ, "ದಸರಾ ರಜೆಗೆ ಹಾಕಿ ಡಾಕ್ಟ್ರೇ, ಆಗ ಅತ್ತೆ ಮಗಳ ಮನೆಗೆ ಹೋಗಿರ್ತಾರೆ, ಬಾತ್‌ರೂಮ್ ಖಾಲಿ ಇರುತ್ತೆ" ಅಂದರು.