ಪದ ಪರಿಚಯ: ಸಿಜಿನ್ಯಾಟ್

ಡೊಂಬಿವಲಿಯ ಫ್ಲ್ಯಾಟಿನಲ್ಲಿ ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇಟ್ಟು ಕನ್ನಡ ಸಂಘದ ವೆಬ್‌ಸೈಟ್ ನಡೆಸಹೊರಟವರು ಮೊದಲು ರೂಟರಿನಲ್ಲಿ ವೆಬ್‌ಸೈಟಿನ ಬಾಗಿಲುಗಳಾದ 80 ಮತ್ತು 443ನೇ ಪೋರ್ಟುಗಳನ್ನು ಫಾರ್ವರ್ಡ್ ಮಾಡುತ್ತಾರೆ, ಅಂದರೆ ಅಲ್ಲಿಗೆ ಬಂದ ಕೋರಿಕೆ ಪೈಗೆ ತಲುಪುವಂತೆ ಹೊಂದಿಸುತ್ತಾರೆ. ಮನೆಯ ವೈಫೈಯಲ್ಲಿ ಸೈಟ್ ತೆರೆಯುತ್ತದೆ, ಹೊರಗಿನವರಿಗೆ ತೆರೆಯುವುದಿಲ್ಲ. ಪೋರ್ಟ್ ಬ್ಲಾಕ್ ಆಗಿದೆ ಎನ್ನುತ್ತಾರೆ. ಎಷ್ಟೋ ಸಲ ಪೋರ್ಟ್ ಮುಚ್ಚಿರುವುದೇ ಇಲ್ಲ, ಮನೆಗೆ ಸ್ವಂತ ಐಪಿ ವಿಳಾಸವೇ ಇರುವುದಿಲ್ಲ.

ಕ್ಯಾರಿಯರ್ ಗ್ರೇಡ್ ನ್ಯಾಟ್ ಎಂಬುದರ ಗಿಡ್ಡ ರೂಪ ಸಿಜಿನ್ಯಾಟ್. ಹಲವರು ಒಂದೇ ಐಪಿ ವಿಳಾಸ ಬಳಸುವಂತೆ ನಡುವೆ ವಿಳಾಸ ಬದಲಿಸುವ ವ್ಯವಸ್ಥೆಯೇ ನ್ಯಾಟ್. ಐಪಿವಿ4 ಎಂಬ ಹಳೆಯ ಮಾದರಿಯ ವಿಳಾಸಗಳು ಒಟ್ಟು ಸುಮಾರು 430 ಕೋಟಿ, ಸಾಲುವುದಿಲ್ಲ. ಹಾಗಾಗಿ ಇಂಟರ್ನೆಟ್ ಕಂಪನಿ ಒಂದೇ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುತ್ತದೆ. ಸೊಸೈಟಿಯ ಗೇಟು ಇದ್ದಂತೆ: ನೀವು ತರಿಸಿದ ಪಾರ್ಸೆಲ್ಲನ್ನು ವಾಚ್‌ಮನ್ ರಿಜಿಸ್ಟರ್ ನೋಡಿ ಬಿಡುತ್ತಾನೆ, ಯಾವ ಫ್ಲ್ಯಾಟಿಗೆ ಎಂದು ತಿಳಿಯದ ಅತಿಥಿ ಅಲ್ಲಿಂದಲೇ ವಾಪಸು. ರೂಟರಿನ ಫಾರ್ವರ್ಡಿಂಗ್ ನಿಮ್ಮ ಫ್ಲ್ಯಾಟಿನ ಬಾಗಿಲನ್ನಷ್ಟೇ ತೆರೆಯುತ್ತದೆ, ಗೇಟನ್ನಲ್ಲ.

ಪತ್ತೆ ಹಚ್ಚುವುದು ಸುಲಭ. ರೂಟರಿನ ವ್ಯಾನ್ (ಹೊರಗಿನ ಸಂಪರ್ಕದ) ಪುಟದಲ್ಲಿರುವ ಐಪಿ 100.64ರಿಂದ 100.127ರ ನಡುವೆ ಇದ್ದರೆ ಸಿಜಿನ್ಯಾಟ್ ಎಂದೇ ತಿಳಿಯಿರಿ. 2012ರಲ್ಲಿ ಈ ಸಾಲನ್ನು ಇದಕ್ಕೆಂದೇ ಮೀಸಲಿಟ್ಟರು. 192.168 ಎಂದು ಶುರುವಾದರೆ ಫೈಬರ್ ಪೆಟ್ಟಿಗೆಯೇ ಇನ್ನೊಂದು ರೂಟರಾಗಿ ಕೂತಿರಬಹುದು, ಅದನ್ನು ರೂಟರ್ ಕೆಲಸ ಬಿಟ್ಟು ಸಂಪರ್ಕವನ್ನಷ್ಟೇ ದಾಟಿಸುವ ಬ್ರಿಡ್ಜ್ ಮೋಡಿಗೆ ಹಾಕಿಸಿ ಮತ್ತೆ ನೋಡಿ. ವ್ಯಾನ್ ಐಪಿಯೂ ಹೊರಗಿನ ಸೈಟುಗಳಿಗೆ ಕಾಣುವ ಐಪಿಯೂ ಒಂದೇ ಆಗಿದ್ದು, 8443ರಂತಹ ಬೇರೆ ಪೋರ್ಟ್ ತೆರೆದು 443 ಮಾತ್ರ ತೆರೆಯದಿದ್ದರೆ ಅದು ನಿಜವಾದ ಪೋರ್ಟ್ ಬ್ಲಾಕ್. ಪರೀಕ್ಷೆಯನ್ನು ವೈಫೈ ಆರಿಸಿ ಮೊಬೈಲ್ ಡೇಟಾದಲ್ಲೇ ಮಾಡಿ. ಮನೆಯೊಳಗಿನ ಫಲಿತಾಂಶ ನಂಬುವಂತಿಲ್ಲ.

ಬರೀ ಪೋರ್ಟ್ ಬ್ಲಾಕ್ ಆಗಿದ್ದರೆ 8443ರಲ್ಲೇ ನಡೆಸಬಹುದು, ಆದರೆ ಓದುಗರು ವಿಳಾಸದ ಕೊನೆಗೆ ಅದನ್ನು ಟೈಪ್ ಮಾಡಬೇಕು. ಉಚಿತ ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನ ಎಚ್‌ಟಿಟಿಪಿ ತಪಾಸಣೆ 80ನೇ ಪೋರ್ಟಿಗೇ ಬರುವುದರಿಂದ ಸರ್ಟಿಫಿಕೇಟಿಗೆ ಡಿಎನ್‌ಎಸ್‌ನ (ಸೈಟಿನ ಹೆಸರಿನ ವಿವರಪಟ್ಟಿಯ) ಟಿಎಕ್ಸ್‌ಟಿ ದಾಖಲೆಯ ದಾರಿ ಹಿಡಿಯಿರಿ. ಬದಲಾಗದ ಸ್ವಂತ ವಿಳಾಸವಾದ ಸ್ಟ್ಯಾಟಿಕ್ ಐಪಿಗೆ ಹಣ ಕಟ್ಟುವವರು 80, 443 ತೆರೆದಿರುತ್ತವೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು.

ಸಿಜಿನ್ಯಾಟ್ ಇದ್ದಲ್ಲಿ ಗಟ್ಟಿಯಾದ ಉಪಾಯ ಟನಲ್. ಮುಂಬೈ ಡೇಟಾಸೆಂಟರಿನಲ್ಲಿ ಸ್ವಂತ ಐಪಿ ಇರುವ ಸಣ್ಣ ವಿಪಿಎಸ್ (ವರ್ಚುವಲ್ ಸರ್ವರ್) ಬಾಡಿಗೆಗೆ ಹಿಡಿದು, ಮನೆಯ ಪೈಯಿಂದ ಅಲ್ಲಿಗೆ ವೈರ್‌ಗಾರ್ಡ್ ಎಂಬ ವಿಪಿಎನ್ ಸಂಪರ್ಕ ಕಟ್ಟಿ. ಓದುಗರು ವಿಪಿಎಸ್‌ಗೆ ಬರುತ್ತಾರೆ, ಅದು ಟನಲ್ ಮೂಲಕ ಪೈಗೆ ದಾಟಿಸುತ್ತದೆ. ಸಂಪರ್ಕ ಒಳಗಿನಿಂದ ಹೊರಟದ್ದರಿಂದ ಗೇಟಿನಲ್ಲಿ ತಡೆಯಿಲ್ಲ. ಮನೆಯ ಕಡೆ ಸಂಪರ್ಕ ಜೀವಂತವಿಡಲು ಆಗಾಗ ಸಣ್ಣ ಸಂದೇಶ ಕಳಿಸುವ ಪರ್ಸಿಸ್ಟೆಂಟ್ ಕೀಪ್‌ಅಲೈವ್ 25 ಸೆಕೆಂಡ್ ಇರಲಿ. ಇಲ್ಲದಿದ್ದರೆ ಸ್ವಲ್ಪ ಹೊತ್ತು ಯಾರೂ ಬರದಾಗ ನ್ಯಾಟ್ ನಮೂದು ಅಳಿಸಿಹೋಗಿ ಸೈಟ್ ಸತ್ತಂತೆ ಕಾಣುತ್ತದೆ. ಅಕ್ಷರ ಬಂದು ಚಿತ್ರಗಳು ಅರ್ಧಕ್ಕೆ ನಿಂತರೆ ಎಮ್‌ಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ಅನ್ನು 1280 ಬೈಟ್‌ಗೆ ಇಳಿಸಿ ನೋಡಿ. ಕ್ಲೌಡ್‌ಫ್ಲೇರ್ ಕಂಪನಿಯ ಟನಲ್‌ಗೆ ವಿಪಿಎಸ್ ಬೇಡ, ಆದರೆ ಎಚ್‌ಟಿಟಿಪಿಎಸ್‌ನ ಗೂಢಲಿಪಿ ಅವರ ಸರ್ವರಿನಲ್ಲೇ ಬಿಚ್ಚಿಕೊಳ್ಳುತ್ತದೆ. ಖಾಸಗಿ ಕಡತಗಳಿದ್ದವರು ಇದನ್ನು ಯೋಚಿಸಲೇಬೇಕು.

ವಿಪಿಎಸ್‌ನಲ್ಲಿ ಓದುಗರ ಕೋರಿಕೆಯನ್ನು ತಾನೇ ಪಡೆದು ಪೈಗೆ ದಾಟಿಸುವ ರಿವರ್ಸ್ ಪ್ರಾಕ್ಸಿ ಇದ್ದರೆ ಪೈಗೆ ಎಲ್ಲ ಓದುಗರೂ ಒಂದೇ ಐಪಿಯಿಂದ ಬಂದಂತೆ ಕಾಣುತ್ತಾರೆ. ಕಾಟ ಕೊಡುವವರ ಐಪಿಯನ್ನು ತಡೆಯುವ ಫೇಲ್‌ಟುಬ್ಯಾನ್ ತಂತ್ರಾಂಶ ಒಬ್ಬನನ್ನು ತಡೆಯಲು ಹೋಗಿ ಎಲ್ಲರನ್ನೂ ತಡೆದೀತು. ಅದನ್ನು ವಿಪಿಎಸ್‌ನಲ್ಲೇ ನಡೆಸಿ.