ನೀನು ಯಾರ ಪೈಕಿ?

ಆಸ್ಟ್ರೇಲಿಯಾದ ಉತ್ತರ ತುದಿಯ ಡಾರ್ವಿನ್‌ನಲ್ಲಿ, ಮೂಲನಿವಾಸಿ ಹುಡುಗರ ಫುಟ್‌ಬಾಲ್ ತಂಡದಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರ. ಹದಿನಾಲ್ಕು ವರ್ಷದ ಹುಡುಗನೊಬ್ಬ ಮಂಡಿ ನೋವು ಅಂತ ಬಂದು ಬೆಂಚಿನ ಮೇಲೆ ಕೂತಿದ್ದ. ಎಲ್ಲಿ ನೋವು, ಯಾವಾಗಿನಿಂದ, ಬಿದ್ದೆಯಾ ಅಂತ ಫಿಸಿಯೋಥೆರಪಿಸ್ಟ್ ಕೇಳುವುದನ್ನೆಲ್ಲ ಕೇಳಿದೆ. ಉತ್ತರ ಇಲ್ಲ. ನೆಲ ನೋಡುತ್ತಾ ಕೂತ. ಕೊನೆಗೆ ಅವನೇ ಕೇಳಿದ, ‘ನಿಮ್ಮ ಮಾಬ್ ಯಾವುದು?’

ಆಸ್ಟ್ರೇಲಿಯಾದ ಮೂಲನಿವಾಸಿಗಳ ಮಾತಿನಲ್ಲಿ ಮಾಬ್ ಅಂದರೆ ಗಲಾಟೆಯ ಗುಂಪಲ್ಲ. ನಿನ್ನ ಜನ ಯಾರು, ನಿನ್ನ ನೆಲ ಯಾವುದು ಅಂತ ಅರ್ಥ. ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಅಜ್ಜಂದಿರು ‘ತಮ್ಮಾ, ನೀನು ಯಾರ ಪೈಕಿ?’ ಅಂತ ಕೇಳುತ್ತಾರಲ್ಲ, ಅದೇ. ನಾನು ಯಲ್ಲಾಪುರದ ಕಡೆಯವನು, ಸುತ್ತ ಕಾಡು, ಮಳೆ ಜಾಸ್ತಿ, ಅಜ್ಜಿ ಇನ್ನೂ ಅಲ್ಲೇ ಇದ್ದಾರೆ ಅಂದೆ. ಅಜ್ಜಿಗೆ ಎಷ್ಟು ಮೊಮ್ಮಕ್ಕಳು ಅಂದ. ಹನ್ನೊಂದು ಅಂದೆ. ಇಷ್ಟೇನಾ ಅನ್ನುವ ಹಾಗೆ ನೋಡಿದ. ಆಮೇಲೆ ಕಾಲು ಚಾಚಿದ.

ಇಲ್ಲಿ ಫುಟ್‌ಬಾಲ್ ಅಂದರೆ ನಾವು ಆಡುವ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡು, ಒಂದು ಕಡೆಗೆ 18 ಜನ, ಕ್ರಿಕೆಟ್ ಮೈದಾನದಲ್ಲೇ ಆಟ. ನಾವು ಬಾಕ್ಸಿಂಗ್ ಡೇ ಟೆಸ್ಟ್ ನೋಡುವ ಎಂಸಿಜಿ, ಚಳಿಗಾಲದಲ್ಲಿ ಇವರ ‘ಫುಟಿ’ ಮೈದಾನ. ದೇಶದ ಜನಸಂಖ್ಯೆಯಲ್ಲಿ ಮೂಲನಿವಾಸಿಗಳು ಶೇ. 4ಕ್ಕೂ ಕಡಿಮೆ. ಆದರೆ 2020ರಲ್ಲಿ ಇವರ ಅತಿ ದೊಡ್ಡ ಫುಟಿ ಲೀಗ್ ಆದ ಎಎಫ್‌ಎಲ್‌ನ ತಂಡಗಳಲ್ಲಿ 87 ಮಂದಿ ಮೂಲನಿವಾಸಿ ಆಟಗಾರರಿದ್ದರು. ಅಂದರೆ ಸುಮಾರು ಹತ್ತಕ್ಕೊಬ್ಬರು. ಆಮೇಲೆ ಆ ಸಂಖ್ಯೆ ಇಳಿದಿದೆ. ಹುಡುಗರಿಗೆ ಆಟ ಬರುವುದಿಲ್ಲ ಅಂತಲ್ಲ. ಆಟವನ್ನು ನಾವು ಅವರಿಗೆ ಕಲಿಸಬೇಕಾಗಿಯೇ ಇಲ್ಲ. ಕರೆದುಕೊಂಡು ಬಂದವರನ್ನು ಉಳಿಸಿಕೊಳ್ಳುವುದು ನಮಗೆ ಬರುತ್ತಿಲ್ಲ.

ಆ ಹುಡುಗನ ಮಂಡಿಗೆ ವಾಪಸ್ ಬರೋಣ. ಮಂಡಿ ಊದಿತ್ತು, ಮುಟ್ಟಿದರೆ ಬಿಸಿ. ಬಿದ್ದಿರಲಿಲ್ಲ. ಹಿಂದಿನ ವಾರ ಇನ್ನೊಂದು ಕಾಲಿನ ಪಾದದ ಗಂಟು ನೋಯುತ್ತಿತ್ತಂತೆ, ಅದು ತಾನಾಗಿಯೇ ಹೋಯಿತಂತೆ. ರಾತ್ರಿ ಸ್ವಲ್ಪ ಜ್ವರ. ಗಂಟಿನಿಂದ ಗಂಟಿಗೆ ಹಾರುವ ನೋವು ಅಂದಕೂಡಲೇ ನಾನು ಐಸ್ ಪ್ಯಾಕ್ ಕೆಳಗಿಟ್ಟು ಡಾಕ್ಟರಿಗೆ ಫೋನ್ ಮಾಡಿದೆ. ಅದು ರುಮ್ಯಾಟಿಕ್ ಜ್ವರ. ಗಂಟಲಿಗೋ ಚರ್ಮಕ್ಕೋ ಸೋಂಕು ತಗುಲಿ, ಕೆಲವು ವಾರದ ಮೇಲೆ ಮೈ ತನ್ನ ಮೇಲೆ ತಾನೇ ತಿರುಗಿ ಬೀಳುವ ಕಾಯಿಲೆ. ಗಂಟು ವಾಸಿಯಾಗುತ್ತದೆ, ಆದರೆ ಹೃದಯದ ಕವಾಟ ಹಾಳಾಗಬಹುದು. ಆಸ್ಟ್ರೇಲಿಯಾದ ಉಳಿದ ಮಕ್ಕಳಲ್ಲಿ ಇದು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಮೂಲನಿವಾಸಿ ಊರುಗಳಲ್ಲಿ ಇನ್ನೂ ಇದೆ. ಕಿಕ್ಕಿರಿದ ಮನೆಗಳು ಇದಕ್ಕೆ ದೊಡ್ಡ ಕಾರಣ. ಮತ್ತೆ ಬಾರದಂತೆ ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿ, ಅದೂ ವರ್ಷಗಟ್ಟಲೆ. ಅದು ನೋಯುವ ಸೂಜಿ. ನನ್ನ ಗೋಡೆಯ ಮೇಲೆ ಮ್ಯಾಚ್ ಪಟ್ಟಿಯ ಪಕ್ಕದಲ್ಲೇ ಸೂಜಿಯ ಪಟ್ಟಿ ಇರುತ್ತದೆ.

ಕಿವಿಯದ್ದು ಇನ್ನೊಂದು ಕಥೆ. ಚಿಕ್ಕಂದಿನಿಂದ ಕಿವಿ ಸೋರಿ ಸೋರಿ ಕೇಳಿಸುವುದು ಮಂದವಾದ ಮಕ್ಕಳು ದೂರದ ಊರುಗಳಲ್ಲಿ ಬಹಳ. ಕೋಚ್ ಬೆನ್ನ ಹಿಂದಿನಿಂದ ಕೂಗುತ್ತಾರೆ, ಹುಡುಗ ತಿರುಗುವುದಿಲ್ಲ, ‘ಇವನು ಮಾತು ಕೇಳಲ್ಲ’ ಅಂತ ಷರಾ ಬೀಳುತ್ತದೆ. ಕೇಳಲ್ಲ ನಿಜ, ಕೇಳಿಸದಿದ್ದರೆ ಹೇಗೆ ಕೇಳುತ್ತಾನೆ? ಎದುರಿಗೆ ನಿಂತು ಮಾತಾಡಿ, ಕೈಸನ್ನೆ ಮಾಡಿ ಅಂತ ಪ್ರತಿ ಹೊಸ ಕೋಚ್‌ಗೂ ಹೇಳುತ್ತೇನೆ. ಇನ್ನೂ ಒಂದು ಮಾತು ಹೇಳುತ್ತೇನೆ: ಎಲ್ಲರೆದುರು ಒಬ್ಬನನ್ನೇ ನಿಲ್ಲಿಸಿ ಹೊಗಳಬೇಡಿ. ಇದಕ್ಕೆ ಹುಡುಗರು ‘ಶೇಮ್’ ಅನ್ನುತ್ತಾರೆ. ಸಂಕೋಚ, ನಾಚಿಕೆ, ಮರ್ಯಾದೆ ಎಲ್ಲ ಸೇರಿದ ಮಾತು ಅದು. ಹೊಗಳಿಸಿಕೊಂಡವನು ಮಾರನೇ ದಿನ ಪ್ರಾಕ್ಟೀಸಿಗೇ ಬರದೆ ಇರಬಹುದು.

ಫುಟಿ ತೋರಿಸಿ ಹುಡುಗರನ್ನು ಶಾಲೆಗೆ ಕರೆತರುವ ದಾರಿಯನ್ನು ದೊಡ್ಡದಾಗಿ ಮಾಡಿ ತೋರಿಸಿದ್ದು ಕ್ಲಾಂಟಾರ್ಫ್ ಫೌಂಡೇಷನ್. 2000ದಲ್ಲಿ ಪರ್ತ್‌ನಲ್ಲಿ 25 ಹುಡುಗರೊಂದಿಗೆ ಶುರು ಮಾಡಿದವರು ಜೆರಾರ್ಡ್ ನೀಶಮ್. ಎಎಫ್‌ಎಲ್‌ನ ಫ್ರೀಮ್ಯಾಂಟಲ್ ತಂಡದ ಮೊದಲ ಕೋಚ್ ಅವರೇ. ಲೆಕ್ಕಾಚಾರ ಸರಳ. ಫುಟಿ ಕೋಣೆ ಶಾಲೆಯ ಒಳಗೇ ಇರುತ್ತದೆ. ಬೆಳಿಗ್ಗೆ ಸಿಬ್ಬಂದಿಯೇ ಮನೆಮನೆಗೆ ಹೋಗಿ ಹುಡುಗರನ್ನು ಎಬ್ಬಿಸಿ ಕರೆತರುತ್ತಾರೆ. ಹುಡುಗಿಯರಿಗೆ ಇಷ್ಟು ಹಣ ಸಿಗಲಿಲ್ಲ ಅನ್ನುವ ದೂರು ಇಂಥ ಯೋಜನೆಗಳ ಬಗ್ಗೆ ಮೊದಲಿನಿಂದ ಇದೆ. ನನ್ನ ಪ್ರಕಾರ ಅದು ನ್ಯಾಯವಾದ ದೂರು.

ಆಟ ತೋರಿಸಿ ಕರೆಯುವುದು ಸುಲಭ, ಮುಂದೇನು ಅನ್ನುವುದು ಕಷ್ಟ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ನಮ್ಮ ಕಡೆಯ ಸಿದ್ದಿ ಮಕ್ಕಳನ್ನು ಓಟಕ್ಕೆ ಆರಿಸಿ ಹಾಸ್ಟೆಲಿಗೆ ಕರೆದೊಯ್ದಿತ್ತು. ಪದಕ ತಂದವರೂ ಇದ್ದರು. ಕೆಲವೇ ವರ್ಷದಲ್ಲಿ ಯೋಜನೆ ನಿಂತಿತು, ಮಕ್ಕಳು ಊರಿಗೆ ವಾಪಸ್. ಇಲ್ಲಿನ ಮೀಟಿಂಗುಗಳಲ್ಲಿ ಕೂತಾಗ ನನಗೆ ಅದೇ ನೆನಪಾಗುತ್ತದೆ.

ನಡುವೆ ಎರಡು ವರ್ಷ ಮೆಲ್ಬರ್ನ್‌ನಲ್ಲಿ ಒಂದು ಕ್ಲಬ್ಬಿನಲ್ಲಿದ್ದೆ. ಡಾರ್ವಿನ್‌ನ ಪೂರ್ವಕ್ಕಿರುವ ಆರ್ನಮ್ ಲ್ಯಾಂಡ್ ಕಡೆಯಿಂದ ಬಂದ ಹದಿನೆಂಟರ ಹುಡುಗನ ಅಜ್ಜ ತೀರಿಕೊಂಡರು. ಅಜ್ಜ ಅಂದರೆ ಅಜ್ಜಿಯ ಅಣ್ಣ, ಅವರ ಲೆಕ್ಕದಲ್ಲಿ ಅಜ್ಜನೇ. ಸಾವಿನ ನಂತರದ ದಿನಗಳಿಗೆ ಇವರು ‘ಸಾರಿ ಬಿಸಿನೆಸ್’ ಅನ್ನುತ್ತಾರೆ. ನಾವು ಸೂತಕ ಅಂತೀವಲ್ಲ, ಹಾಗೆ ಅಂದುಕೊಳ್ಳಿ, ಆದರೆ ಹನ್ನೊಂದು ದಿನಕ್ಕೆ ಮುಗಿಯಬೇಕೆಂದಿಲ್ಲ. ನೆಂಟರೆಲ್ಲ ಬಂದು ಸೇರುವವರೆಗೆ ಮಣ್ಣು ಮಾಡದೆ ವಾರಗಟ್ಟಲೆ ಕಾಯುವುದೂ ಉಂಟು. ಕ್ಲಬ್ ಮೂರು ದಿನ ರಜೆ ಕೊಟ್ಟಿತು. ಡಾರ್ವಿನ್‌ಗೇ ನಾಲ್ಕು ಗಂಟೆಯ ವಿಮಾನ, ಅಲ್ಲಿಂದ ಮುಂದೆ ಸಣ್ಣ ವಿಮಾನ. ಅವನು ಬಂದದ್ದು ಮೂರು ವಾರದ ಮೇಲೆ. ಕಡತದಲ್ಲಿ ‘ಬದ್ಧತೆ ಸಾಲದು’ ಅಂತ ಬರೆದರು. ವರ್ಷದ ಕೊನೆಗೆ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ.

ಅದೇ ವರ್ಷ ಇನ್ನೊಬ್ಬ ಹುಡುಗನ ಮಂಡಿಯ ಲಿಗಮೆಂಟ್ ಹರಿದಿತ್ತು. ಅವನಿಗೆ ಒಂದಿಡೀ ವರ್ಷ ಕಾದೆವು. ವಾರವಾರದ ಪ್ಲಾನ್, ಆಪರೇಷನ್ ಖರ್ಚು, ಎಲ್ಲ ಕೊಟ್ಟೆವು. ಮಂಡಿಗೆ ಹನ್ನೆರಡು ತಿಂಗಳು ಕೊಡುವವರಿಗೆ ಅಜ್ಜನ ಸಾವಿಗೆ ಮೂರು ವಾರ ಕೊಡಲು ಆಗಲಿಲ್ಲ. ಆ ಮೀಟಿಂಗಿನಲ್ಲಿ ನಾನೂ ಇದ್ದೆ. ಮಂಡಿಯ ರಿಪೋರ್ಟ್ ಓದಿ ಸುಮ್ನೆ ಕೂತೆ.

ನನ್ನ ವೃತ್ತಿಯ ಹಳೇ ಪಾಪವೊಂದಿದೆ. ಡಗ್ ನಿಕೋಲ್ಸ್ ಅನ್ನುವ, ಯೋರ್ಟಾ ಯೋರ್ಟಾ ಮೂಲನಿವಾಸಿ ಜನಾಂಗದ ಹುಡುಗ 1920ರ ದಶಕದಲ್ಲಿ ಕಾರ್ಲ್‌ಟನ್ ಕ್ಲಬ್ಬಿಗೆ ಆಡಲು ಹೋದಾಗ, ಮೈಯುಜ್ಜುವ ಕೆಲಸದವರು ಅವನ ಕಪ್ಪು ಮೈ ಮುಟ್ಟಲು ಒಪ್ಪಲಿಲ್ಲ. ನಿಕೋಲ್ಸ್ ಬೇರೆಡೆ ಆಡಿ ಹೆಸರು ಮಾಡಿದರು, 1972ರಲ್ಲಿ ಸರ್ ಆದರು, 1976ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಗವರ್ನರ್ ಆದರು. ಈಗ ಎಎಫ್‌ಎಲ್‌ನಲ್ಲಿ ಮೂಲನಿವಾಸಿಗಳ ಗೌರವಕ್ಕೆ ನಡೆಯುವ ರೌಂಡ್‌ನ ಪಂದ್ಯಗಳಿಗೆ ಅವರದೇ ಹೆಸರು. ಆಗ ಎಲ್ಲ ತಂಡಗಳೂ ಮೂಲನಿವಾಸಿ ಕಲಾವಿದರ ಚಿತ್ರವಿರುವ ಜೆರ್ಸಿ ತೊಡುತ್ತವೆ. ಚಂದ ಕಾಣುತ್ತದೆ. ಆದರೆ ಜೆರ್ಸಿ ತೊಟ್ಟದ್ದನ್ನೇ ಸಂಸ್ಕೃತಿ ಕಾರ್ಯಕ್ರಮ ಅಂತ ಲೆಕ್ಕ ತೋರಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಬೇರೆ ಥರವೂ ಮಾಡಬಹುದು. ಮೆಲ್ಬರ್ನ್‌ನ ರಿಚ್‌ಮಂಡ್ ಕ್ಲಬ್ಬಿನ ಅಂಗಳದಲ್ಲೇ 2011ರಿಂದ ಮೂಲನಿವಾಸಿ ಮಕ್ಕಳಿಗಾಗಿ ಕೋರಿನ್ ಗಮಾಜಿ ಸಂಸ್ಥೆ ಇದೆ. ಆ ಕಡೆಯ ಮೂಲನಿವಾಸಿಗಳ ವೋಯಿವುರಂಗ್ ಭಾಷೆಯಲ್ಲಿ ಆ ಹೆಸರಿಗೆ ‘ಬೆಳೆದು ಹೊರಬರು’ ಅಂತ ಅರ್ಥ. ಅದರ ಶಿಬಿರಗಳಿಗೆ ಆಟದಲ್ಲಿ ಹುಷಾರಿರಲೇಬೇಕು ಅಂತೇನಿಲ್ಲ. ಹುಡುಗ ಹುಡುಗಿಯರು ಹಿರಿಯರ ಜೊತೆ ಕೂತು ತಾವು ಯಾರು ಅನ್ನುವುದನ್ನು ತಿಳಿದುಕೊಳ್ಳುತ್ತಾರೆ. ಹಿರಿಯರನ್ನೆಲ್ಲ ಅಂಕಲ್, ಆಂಟಿ ಅಂತಲೇ ಕರೆಯಬೇಕು. ಈ ಒಂದು ವಿಷಯ ಮಾತ್ರ ನನಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಈಗ ನನ್ನ ಹತ್ತಿರ ಹೊಸ ಹುಡುಗ ಬಂದರೆ ಮೊದಲು ಅವನ ಅಜ್ಜಿಗೋ ಆಂಟಿಗೋ ಫೋನ್ ಮಾಡುತ್ತೇನೆ, ಮಂಡಿ ಆಮೇಲೆ. ಊರಿಗೆ ಹೋಗುವ ದಿನಗಳನ್ನು ವರ್ಷದ ಶುರುವಿನಲ್ಲೇ ಕ್ಯಾಲೆಂಡರಿನಲ್ಲಿ ಬರೆಯುತ್ತೇವೆ. ಊರಿನಲ್ಲಿ ಯಾರಾದರೂ ತೀರಿಕೊಂಡರೆ ಅವರ ಹೆಸರನ್ನು ಬಾಯಿಬಿಟ್ಟು ಹೇಳುವಂತಿಲ್ಲ ಅನ್ನುವ ಪದ್ಧತಿ ಅನೇಕ ಕಡೆ ಇದೆ. ಅದೇ ಹೆಸರಿನ ಹುಡುಗ ತಂಡದಲ್ಲಿದ್ದರೆ ಹಾಜರಿ ಪುಸ್ತಕದಲ್ಲಿ ಅವನಿಗೂ ಬೇರೆ ಹೆಸರು ಬೀಳುತ್ತದೆ.

ಮಂಡಿ ಊದಿಸಿಕೊಂಡು ಬಂದಿದ್ದ ಹುಡುಗನಿಗೆ ಈಗ ಇಪ್ಪತ್ತು. ಶಾಲೆಯ ಬಸ್ಸಿನಲ್ಲಿ ಹುಡುಗರನ್ನು ಕರೆತರುವ ಕೆಲಸ ಅವನದು. ನಾನು ಎಬ್ಬಿಸಿದರೆ ಏಳದವರು ಅವನು ಹಾರ್ನ್ ಹೊಡೆದರೆ ಬರುತ್ತಾರೆ. ಅವನು ಟಿವಿಯವನು. ಟಿವಿ ಅಂದರೆ ದೂರದರ್ಶನ ಅಲ್ಲ, ಡಾರ್ವಿನ್‌ನ ಉತ್ತರಕ್ಕೆ ಸಮುದ್ರದಾಚೆ ಇರುವ ಟಿವಿ ದ್ವೀಪಗಳು. ಮಾರ್ಚ್‌ನಲ್ಲಿ ಅಲ್ಲಿ ಗ್ರ್ಯಾಂಡ್ ಫೈನಲ್, ಅವನು ಹೋಗಲೇಬೇಕು. ಸೂಜಿಯ ದಿನವೂ ಅದೇ ವಾರ ಬರುತ್ತದೆ. ಅಲ್ಲಿನ ಕ್ಲಿನಿಕ್ಕಿಗೆ ಫೋನ್ ಮಾಡಿಟ್ಟಿದ್ದೇನೆ, ಅವನ ಆಂಟಿಗೂ ಹೇಳಿದ್ದೇನೆ.